ತಪ್ಪು ಚಕ್ಕುಲಿಯದ್ದಲ್ಲ

ನಮ್ಮ ಗ್ಯಾಂಗಿನಲ್ಲಿ ಒಟ್ಟು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬಳು ಎಲೆಕ್ಟ್ರಾನಿಕ್ಸ್. ಕಳೆದ ರಜೆಯಲ್ಲಿ ಎಲೆಕ್ಟ್ರಾನಿಕ್ಸ್ ಗೆಳತಿಯ ಅಕ್ಕನ ಸೀಮಂತ ಇತ್ತು. ಊಟಕ್ಕೆ ಕರೆದ ಮೇಲೆ ಇಂಜಿನಿಯರಿಂಗ್ ಹುಡುಗರು ಹೋಗದೇ ಇರ್ತಾರಾ? ಹೋದ್ವಿ. ಊಟ ಮುಗಿದ ಮೇಲೆ ಎಲ್ಲರೂ ಹಜಾರದಲ್ಲಿ ಕೂತು ಚಕ್ಕುಲಿ ಮುರೀತಾ ಹರಟೆ ಹೊಡೀತಿದ್ವಿ. ಗೆಳತಿಯ ಅಮ್ಮನ ಬಾಯಿಂದ ಟಕ್ ಅಂತ ಒಂದು ಸದ್ದು ಬಂತು. ಅವರು ಕಲ್ಲು ಸಿಕ್ಕಿರಬೇಕು ಅಂದ್ಕೊಂಡು ಅಂಗೈಗೆ ಉಗುಳಿ ನೋಡಿದ್ರು. ಕಲ್ಲಲ್ಲ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಚೂರು. ಮೇಲಿನ ಸಾಲಿನ ಮುಂದಿನ ಹಲ್ಲಿಗೆ ಒಂದು ವರ್ಷದ ಹಿಂದೆ ಹಾಕಿಸಿದ್ದ ಕ್ಯಾಪ್ ಒಡೆದಿತ್ತು. ಒಡೆದ ಜಾಗದಲ್ಲಿ ಬೂದುಬಣ್ಣದ ಲೋಹ ಹೊಳೀತಿತ್ತು.

ಆ ದಿನ ಸಂಜೆ ತೆಗೆದ ಫೋಟೋಗಳನ್ನ ಆಮೇಲೆ ನೋಡಿದ್ವಿ. ಮಧ್ಯಾಹ್ನದವರೆಗಿನ ಫೋಟೋಗಳಲ್ಲೆಲ್ಲ ಅಮ್ಮ ಬಾಯ್ತುಂಬ ನಗ್ತಿದ್ದಾರೆ. ಆಮೇಲಿನ ಒಂದು ಫೋಟೋದಲ್ಲೂ ಹಲ್ಲು ಕಾಣಲ್ಲ. ಒಂದರಲ್ಲಂತೂ ಸೆರಗನ್ನೇ ಬಾಯಿಗೆ ಅಡ್ಡ ಹಿಡಿದಿದ್ದಾರೆ.

ಮುಂದಿನ ವಾರ ಕ್ಯಾಪ್ ಹಾಕಿದ್ದ ಕ್ಲಿನಿಕ್ಕಿಗೆ ಗೆಳತಿಯೇ ಅಮ್ಮನನ್ನ ಕರ್ಕೊಂಡು ಹೋದಳು. ಕ್ಲಿನಿಕ್ಕಿನವರು “ಲ್ಯಾಬಿನವರು ಸರಿಯಾಗಿ ಮಾಡಿಲ್ಲ” ಅಂದ್ರು. ಲ್ಯಾಬಿಗೆ ಫೋನ್ ಮಾಡಿದ್ರೆ “ಡಾಕ್ಟರು ಕಚ್ಚುವ ಅಳತೆ ಸರಿಯಾಗಿ ಕೊಟ್ಟಿಲ್ಲ” ಅಂದ್ರು. ಕೊನೆಗೆ ಇಬ್ಬರೂ ಒಂದೇ ತೀರ್ಪು ಕೊಟ್ರು: “ಈ ವಯಸ್ಸಲ್ಲಿ ಚಕ್ಕುಲಿ ಯಾಕಮ್ಮ ತಿಂತೀರಿ?” ಅಮ್ಮನೂ ಒಪ್ಪಿಕೊಂಡುಬಿಟ್ರು. “ನನ್ನದೇ ತಪ್ಪು ಬಿಡೇ” ಅಂತ ಮಗಳಿಗೇ ಸಮಾಧಾನ ಹೇಳಿದ್ರಂತೆ.

ನಮಗೆ ಇದು ಸರಿ ಅನ್ನಿಸಲಿಲ್ಲ. ಸೇತುವೆ ಬಿದ್ದರೆ ಲಾರಿಯನ್ನ ಮಾತ್ರ ಬೈಯೋಕಾಗುತ್ತಾ? ಹಲ್ಲು ಇರೋದೇ ಕಚ್ಚೋಕೆ. ಕಚ್ಚಿದರೆ ಒಡೆಯುವ ಹಲ್ಲನ್ನ ಡಿಸೈನ್ ಫೇಲ್ಯೂರ್ ಅಂತ ಕರೀಬೇಕೇ ಹೊರತು ಪೇಷೆಂಟ್ ಫೇಲ್ಯೂರ್ ಅಂತ ಅಲ್ಲ. ಆ ಚೂರನ್ನ ಟಿಶ್ಯೂ ಪೇಪರಿನಲ್ಲಿ ಸುತ್ತಿ ಹಾಸ್ಟೆಲ್ಲಿಗೆ ತಂದ್ವಿ. ಅಲ್ಲಿಂದ ಶುರುವಾದ ನಮ್ಮ ಓದು ಮತ್ತು ಜಗಳದ ಫಲ ಈ ಲೇಖನ. ನಾವು ನಾಲ್ವರೂ ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದವರು, ಹಾಗಾಗಿ ಕೆಲವು ಪದ ಹಾಗೇ ಉಳಿದಿವೆ. ಸಹಿಸಿಕೊಳ್ಳಿ.

ಮೊದಲು ಈ ಕ್ಯಾಪ್ ಅಂದ್ರೆ ಏನು ಅಂತ ನೋಡೋಣ. ನಾವೆಲ್ಲ “ಸೆರಾಮಿಕ್ ಕ್ಯಾಪ್” ಅಂತ ಕರೆಯೋದು ಪೂರ್ತಿ ಸೆರಾಮಿಕ್ ಆಗಿರಬೇಕಾಗಿಲ್ಲ. ಒಳಗೆ ಟೋಪಿಯಂಥ ತೆಳ್ಳನೆ ಲೋಹ, ಅದರ ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ. ಲೋಹ ಗಟ್ಟಿತನ ಕೊಡುತ್ತೆ, ಪಿಂಗಾಣಿ ಅಂದ ಕೊಡುತ್ತೆ. ಲೋಹದ ಟೋಪಿ ಮಾಡೋ ವಿಧಾನ ನಮ್ಮ ಪಂಚಲೋಹದ ವಿಗ್ರಹ ಮಾಡುವವರದ್ದೇ: ಮೇಣದಲ್ಲಿ ಆಕಾರ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ, ಆ ಜಾಗಕ್ಕೆ ಕಾದ ಲೋಹ ಎರೆಯೋದು. ಈಗೀಗ ಲೋಹದ ಪುಡಿಯನ್ನ ಲೇಸರಿನಿಂದ ಪದರ ಪದರವಾಗಿ ಬೆಸೆದೂ ಮಾಡ್ತಾರೆ. ಆಮೇಲೆ ಪಿಂಗಾಣಿ ಪುಡಿಯನ್ನ ದ್ರವದಲ್ಲಿ ಕಲಸಿ, ಬ್ರಷ್ಷಿನಿಂದ ಬಳಿದು, ಸುಮಾರು 900 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನ ಫರ್ನೇಸಿನಲ್ಲಿ ಸುಡ್ತಾರೆ. ಮೊದಲು ಲೋಹದ ಬಣ್ಣ ಮುಚ್ಚುವ ಓಪೇಕ್ ಪದರ, ಅದರ ಮೇಲೆ ಹಲ್ಲಿನ ಬಣ್ಣದ ಪದರಗಳು, ಕೊನೆಗೆ ಹೊಳಪು. ಒಂದೊಂದು ಕ್ಯಾಪೂ ಹೀಗೆ ನಾಲ್ಕೈದು ಸಲವಾದರೂ ಬೆಂಕಿಗೆ ಹೋಗಿ ಬರುತ್ತೆ.

ಇಲ್ಲಿ ಅಂಟು ಎಲ್ಲಿದೆ? ಎಲ್ಲೂ ಇಲ್ಲ. ಫೆವಿಕ್ವಿಕ್ಕೂ ಇಲ್ಲ, ಸ್ಕ್ರೂನೂ ಇಲ್ಲ. ಗಾಜಿನ ಜಾತಿಯ ವಸ್ತು ಲೋಹವನ್ನ ಹಿಡಿದುಕೊಂಡಿದೆ ಅಷ್ಟೇ. ಅಜ್ಜಿ ಮನೆಯ ಅಟ್ಟದಲ್ಲಿ ಬಿಳಿ ಎನಾಮೆಲ್ ತಟ್ಟೆ, ನೀಲಿ ಅಂಚಿನ ಲೋಟ ನೋಡಿದ್ದೀರಲ್ಲ, ಅದೂ ಇದೇ. ಕಬ್ಬಿಣದ ಮೇಲೆ ಗಾಜನ್ನ ಕರಗಿಸಿ ಕೂರಿಸಿದ್ದು. ಆ ಲೋಟ ಕೆಳಗೆ ಬಿದ್ದಾಗ ಎಲ್ಲಿ ಚಕ್ಕೆ ಎದ್ದಿದೆ ನೋಡಿ, ಹೆಚ್ಚಾಗಿ ಅಂಚಿನಲ್ಲಿ, ಇಲ್ಲಾ ಬಾಗಿದ ಕಡೆ. ಬಾಯಲ್ಲಿರೋದು ಅದರ ಚಿಕ್ಕಮ್ಮನ ಮಗಳು ಅಂದ್ಕೊಳ್ಳಿ.

ಹಾಗಾದ್ರೆ ಹಿಡಿತ ಎಲ್ಲಿಂದ ಬರುತ್ತೆ? ಓದಿದ್ದರಲ್ಲಿ ನಮಗೆ ಅರ್ಥವಾದದ್ದು ಮುಖ್ಯವಾಗಿ ಮೂರು.

ಮೊದಲನೆಯದು ಒರಟುತನ. ಲೋಹದ ಮೇಲ್ಮೈಗೆ ಅಲ್ಯುಮಿನಾ ಪುಡಿಯನ್ನ, ಸಾಮಾನ್ಯವಾಗಿ 50 ಮೈಕ್ರಾನ್ ಗಾತ್ರದ್ದನ್ನ, ಗಾಳಿಯ ಒತ್ತಡದಲ್ಲಿ ಹೊಡೀತಾರೆ. ಸಣ್ಣ ಸಣ್ಣ ಗುಂಡಿಗಳಾಗುತ್ತವೆ, ಕರಗಿದ ಪಿಂಗಾಣಿ ಅದರೊಳಗೆ ಇಳಿದು ಗಟ್ಟಿಯಾಗುತ್ತೆ. ಗೋಡೆಗೆ ಪ್ಲಾಸ್ಟರಿಂಗ್ ಮಾಡುವ ಮೊದಲು ಕಾಂಕ್ರೀಟನ್ನ ಕೊಚ್ಚಿ ಒರಟು ಮಾಡ್ತಾರಲ್ಲ, ಹಾಗೆ.

ಎರಡನೆಯದು ಆಕ್ಸೈಡ್ ಪದರ. ಪಿಂಗಾಣಿ ಮೂಲತಃ ಆಕ್ಸೈಡುಗಳದ್ದೇ ಮಿಶ್ರಣ. ಅದಕ್ಕೆ ಬರೀ ಲೋಹದ ಜೊತೆ ನಂಟು ಬೆಳೆಯಲ್ಲ, ಲೋಹದ ಮೇಲಿನ ಆಕ್ಸೈಡಿನ ಜೊತೆ ಬೆಳೆಯುತ್ತೆ. ಚಿನ್ನಕ್ಕೆ ತುಕ್ಕೇ ಹಿಡಿಯಲ್ಲ ಅಂತ ನಾವು ಹೊಗಳ್ತೀವಲ್ಲ, ಪಿಂಗಾಣಿಯ ವಿಷಯದಲ್ಲಿ ಅದೇ ದೊಡ್ಡ ತೊಂದರೆ. ಅದಕ್ಕೇ ಪಿಂಗಾಣಿ ಕೂರಿಸುವ ಚಿನ್ನದ ಮಿಶ್ರಲೋಹಕ್ಕೆ ತವರ, ಇಂಡಿಯಮ್, ಕಬ್ಬಿಣದಂಥವನ್ನ ಒಂದಿಷ್ಟು ಸೇರಿಸ್ತಾರೆ. ಕಾಯಿಸಿದಾಗ ಅವು ಮೇಲ್ಮೈಗೆ ಬಂದು ಆಕ್ಸೈಡ್ ಆಗ್ತವೆ, ಪಿಂಗಾಣಿ ಅದನ್ನ ಹಿಡಿಯುತ್ತೆ.

ಮೂರನೆಯದು ಹಿಗ್ಗುವ ಕುಗ್ಗುವ ಲೆಕ್ಕ. ನಮ್ಮ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಇದನ್ನೇ ನಾವು ಪಿಯುಸಿಯಿಂದ ಇಲ್ಲಿಯವರೆಗೆ ಮೂರು ಸಲ ಬಾಯಿಪಾಠ ಮಾಡಿ ಮೂರು ಸಲವೂ ಮರೆತಿದ್ದೀವಿ.

ನಮ್ಮ ಸಿವಿಲ್ ಗೆಳೆಯ ಇಲ್ಲಿ ಕಾಲರ್ ಎತ್ತಿದ. ಕಾಂಕ್ರೀಟಿನೊಳಗೆ ಉಕ್ಕಿನ ಕಂಬಿ ಹಾಕೋದು ಯಾಕೆ ನಡೆಯುತ್ತೆ? ಎರಡೂ ಬಿಸಿಲಿಗೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಇಲ್ಲದಿದ್ದರೆ ಪ್ರತಿ ಬೇಸಿಗೆಯಲ್ಲೂ ಛಾವಣಿ ಬಿರುಕು ಬಿಡ್ತಿತ್ತು. ಪಿಂಗಾಣಿಗೂ ಲೋಹಕ್ಕೂ ಈ ಹೊಂದಾಣಿಕೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಡಿಗ್ರಿ ಬಿಸಿಯೇರಿದರೆ ಚಿನ್ನದ ಮಿಶ್ರಲೋಹ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 14 ಭಾಗ ಹಿಗ್ಗುತ್ತೆ. ಹಳೆಯ ಕಾಲದ ಹಲ್ಲಿನ ಪಿಂಗಾಣಿ ಹಿಗ್ಗುತ್ತಿದ್ದದ್ದು ಅದರ ಅರ್ಧದಷ್ಟು. ಫರ್ನೇಸಿನಿಂದ ತೆಗೆದು ತಣ್ಣಗಾಗುವಷ್ಟರಲ್ಲೇ ಇಬ್ಬರಿಗೂ ಡಿವೋರ್ಸ್.

ಇದಕ್ಕೆ ದಾರಿ ಸಿಕ್ಕಿದ್ದು ಲ್ಯೂಸೈಟ್ ಅನ್ನೋ ಹರಳಿನಿಂದ. ಪಿಂಗಾಣಿ ಜಾತಿಯ ವಸ್ತುಗಳಲ್ಲೇ ಅದು ವಿಪರೀತ ಹಿಗ್ಗುವ ಆಸಾಮಿ, ಹತ್ತು ಲಕ್ಷಕ್ಕೆ 20ಕ್ಕಿಂತ ಹೆಚ್ಚು. ಲ್ಯೂಸೈಟ್ ಇರುವ ಪುಡಿಯನ್ನ ಸರಿಯಾದ ಪ್ರಮಾಣದಲ್ಲಿ ಬೆರೆಸಿ ಪಿಂಗಾಣಿಯ ಹಿಗ್ಗುವಿಕೆಯನ್ನ ಲೋಹದ ಹತ್ತಿರಕ್ಕೆ ತರುವ ವಿಧಾನಕ್ಕೆ 1962ರಲ್ಲಿ ಅಮೆರಿಕದಲ್ಲಿ ವೈನ್‌ಸ್ಟೈನ್ ಮತ್ತು ಸಂಗಡಿಗರಿಗೆ ಪೇಟೆಂಟ್ ಸಿಕ್ಕಿತು. ಲೋಹದ ಮೇಲೆ ಪಿಂಗಾಣಿ ಕೂರಿಸುವ ಕೆಲಸ ಜಗತ್ತಿನ ಮಾಮೂಲಿ ಕ್ಲಿನಿಕ್ಕುಗಳಿಗೆ ಹರಡಿದ್ದು ಅದರ ನಂತರವೇ. ಅಂದ್ರೆ ಈ ನಂಟನ್ನ ಗಟ್ಟಿ ಮಾಡಿದ್ದು ಹೊಸ ಅಂಟಲ್ಲ. ಒಬ್ಬರ ಸ್ವಭಾವವನ್ನ ಇನ್ನೊಬ್ಬರ ಹತ್ತಿರಕ್ಕೆ ತಂದದ್ದು.

ಆದ್ರೆ ಎರಡೂ ಒಂದೇ ಸಮ ಇರಬೇಕು ಅಂತಲ್ಲ. ಲೋಹ ಒಂದು ಚೂರು ಹೆಚ್ಚು ಕುಗ್ಗಬೇಕು, ಹತ್ತು ಲಕ್ಷಕ್ಕೆ ಅರ್ಧದಿಂದ ಒಂದರಷ್ಟು. ಆಗ ಪಿಂಗಾಣಿ ಸದಾ ಒತ್ತಿಹಿಡಿದ ಸ್ಥಿತಿಯಲ್ಲಿ ಇರುತ್ತೆ. ಪಿಂಗಾಣಿಗೆ ಒತ್ತಿದರೆ ಭಯ ಇಲ್ಲ, ಎಳೆದರೆ ಪ್ರಾಣ ಹೋಗುತ್ತೆ. ಹಾಸ್ಟೆಲ್ಲಿನ ಹಳೆಯ ನೋಟ್ಸ್ ಹಿಂದೆ ನಾವು ಒಂದು ಲೆಕ್ಕ ಹಾಕಿದ್ವಿ. ಪಿಂಗಾಣಿ ಸುಮಾರು 600 ಡಿಗ್ರಿಗಿಂತ ಕೆಳಗೆ ಬಂದಾಗ ಗಟ್ಟಿಯಾಗುತ್ತೆ ಅಂದ್ಕೊಳ್ಳಿ. ಅಲ್ಲಿಂದ 30 ಡಿಗ್ರಿಗೆ ಇಳಿಯೋದು ಅಂದ್ರೆ 570 ಡಿಗ್ರಿ. ವ್ಯತ್ಯಾಸ ಹತ್ತು ಲಕ್ಷಕ್ಕೆ 1 ಆದರೆ ಸ್ಟ್ರೇನ್ 0.00057. ಪಿಂಗಾಣಿಯ ಯಂಗ್ಸ್ ಮಾಡ್ಯುಲಸ್ ಸುಮಾರು 70 ಗಿಗಾಪಾಸ್ಕಲ್. ಗುಣಿಸಿದ್ರೆ 40 ಮೆಗಾಪಾಸ್ಕಲ್. ಲೋಹವೂ ಸ್ವಲ್ಪ ಬಗ್ಗುತ್ತೆ, ಹಲ್ಲು ಚಪ್ಪಟೆ ಅಲ್ಲ, ಹಾಗಾಗಿ ಈ ಲೆಕ್ಕಕ್ಕೆ ಮೇಷ್ಟ್ರು ಅರ್ಧ ಮಾರ್ಕ್ಸ್ ಕಟ್ ಮಾಡ್ತಾರೆ. ಆದ್ರೂ ಅಂದಾಜಿಗೆ ಸಾಕು. ಈ ಪಿಂಗಾಣಿ ಬಾಗಿಸಿದಾಗ ಒಡೆಯೋದು 60, 70 ಮೆಗಾಪಾಸ್ಕಲ್ ಆಸುಪಾಸಿನಲ್ಲಿ. ಅಂದ್ರೆ ವ್ಯತ್ಯಾಸ 1 ಇದ್ದು ಸರಿಯಾದ ದಿಕ್ಕಿಗಿದ್ದರೆ 40ರಷ್ಟು ರಕ್ಷಣೆ ಪುಕ್ಕಟೆ. ಅದೇ ವ್ಯತ್ಯಾಸ 2 ಆಗಿ ದಿಕ್ಕು ಉಲ್ಟಾ ಆದರೆ 80ರಷ್ಟು ಎಳೆತ, ಕ್ಯಾಪ್ ಬಾಯಿಗೆ ಬರುವ ಮೊದಲೇ ಬಿರುಕು ಬಿಟ್ಟಿರುತ್ತೆ. ಲೋಹ ಅತಿಯಾಗಿ ಕುಗ್ಗಿದರೂ ತೊಂದರೆಯೇ, ಅಂಚಿನಲ್ಲಿ ಪಿಂಗಾಣಿ ಸಿಡಿದು ಮೇಲೇಳುತ್ತೆ.

ಹತ್ತು ಲಕ್ಷದಲ್ಲಿ ಒಂದೆರಡು ಭಾಗ ನೋಡಿ. ಚಕ್ಕುಲಿಯ ಕಥೆ ನಮಗೆ ಬೇರೆ ಥರ ಕಾಣಿಸಿದ್ದು ಇಲ್ಲೇ. ಯಾವುದೋ ಕಂಪನಿಯ ಲೋಹದ ಮೇಲೆ ಇನ್ಯಾವುದೋ ಕಂಪನಿಯ ಪಿಂಗಾಣಿ ಬಳಿದರೆ ಈ ಒಂದೆರಡು ಭಾಗ ಯಾರ ಕೈಯಲ್ಲಿರುತ್ತೆ?

ಹಿಡಿತ ಸುಧಾರಿಸೋದು ಅಂದ್ರೆ “ಇನ್ನೂ ಹೆಚ್ಚು, ಇನ್ನೂ ಹೆಚ್ಚು” ಅಂತಲ್ಲ ಅನ್ನೋದಕ್ಕೆ ಆಕ್ಸೈಡಿನ ಕಥೆ ಸಾಕ್ಷಿ. 1971ರವರೆಗೆ ಅಂತಾರಾಷ್ಟ್ರೀಯ ವ್ಯವಸ್ಥೆಯಲ್ಲಿ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರಿನಲ್ಲಿ ಕಟ್ಟಿಹಾಕಲಾಗಿತ್ತು. ಆ ಕಟ್ಟು ಬಿಚ್ಚಿದ ಮೇಲೆ ಬೆಲೆ ಏರುತ್ತಾ ಹೋಗಿ 1980ರ ಜನವರಿಯಲ್ಲಿ 800 ಡಾಲರ್ ದಾಟಿತು. ಹಲ್ಲಿನ ಲ್ಯಾಬುಗಳು ನಿಕಲ್-ಕ್ರೋಮಿಯಮ್, ಕೋಬಾಲ್ಟ್-ಕ್ರೋಮಿಯಮ್ ಕಡೆ ತಿರುಗಿದವು. ಇವು ಅಗ್ಗ, ಗಟ್ಟಿ, ತೆಳ್ಳಗೆ ಮಾಡಿದ್ರೂ ಬಾಗಲ್ಲ. ಆದ್ರೆ ಚಿನ್ನದ ಸಮಸ್ಯೆಗೆ ಪೂರ್ತಿ ಉಲ್ಟಾ ಸಮಸ್ಯೆ. ಚಿನ್ನಕ್ಕೆ ಆಕ್ಸೈಡ್ ಸಾಲದು, ಇವಕ್ಕೆ ಅತಿ. ಆಕ್ಸೈಡ್ ಪದರ ದಪ್ಪವಾದರೆ ಪಿಂಗಾಣಿ ಆಕ್ಸೈಡನ್ನ ಗಟ್ಟಿಯಾಗಿ ಹಿಡಿದಿರುತ್ತೆ, ಲೋಹವೂ ಹಿಡಿದಿರುತ್ತೆ, ನಡುವಿನ ಆಕ್ಸೈಡೇ ಸೀಳಿಹೋಗುತ್ತೆ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಅದು. ಇಲ್ಲದಿದ್ದರೆ ನಡೆಯಲ್ಲ, ಸುರಿದರೂ ನಡೆಯಲ್ಲ.

ಇದಕ್ಕೆ ಆಗ ಸಿಕ್ಕ ಪರಿಹಾರ ಬೆರಿಲಿಯಮ್. ನಿಕಲ್-ಕ್ರೋಮಿಯಮ್‌ಗೆ ತೂಕದಲ್ಲಿ ಶೇಕಡಾ 2ರಷ್ಟು ಬೆರಿಲಿಯಮ್ ಹಾಕಿದ್ರೆ ಆಕ್ಸೈಡ್ ಹತೋಟಿಗೆ ಬರುತ್ತೆ, ಲೋಹ ಬೇಗ ಕರಗುತ್ತೆ, ಅಚ್ಚಿಗೆ ಚೆನ್ನಾಗಿ ಇಳಿಯುತ್ತೆ. ಶೇಕಡಾ 2 ಅಂದ್ರೆ ಏನ್ ಮಹಾ ಅನ್ನಿಸಬಹುದು. ಬೆರಿಲಿಯಮ್ಮಿನ ಪರಮಾಣು ತೂಕ 9, ನಿಕಲ್‌ನದ್ದು ಸುಮಾರು 59. ಲೆಕ್ಕ ಹಾಕಿ ನೋಡಿ, ಪರಮಾಣುಗಳ ಎಣಿಕೆಯಲ್ಲಿ ಅದು ಹತ್ತಕ್ಕೊಂದಕ್ಕಿಂತ ಹೆಚ್ಚಾಗುತ್ತೆ. ಆ ಲೋಹವನ್ನ ಉಜ್ಜಿ ನಯ ಮಾಡುವಾಗ ಏಳುವ ದೂಳು ಶ್ವಾಸಕೋಶಕ್ಕೆ ಹೋದರೆ ಬೆರಿಲಿಯೋಸಿಸ್ ಅನ್ನೋ ವಾಸಿಯಾಗದ ಕಾಯಿಲೆ ಬರಬಹುದು. ಬರೋದು ಕ್ಯಾಪ್ ಹಾಕಿಸಿಕೊಂಡವರಿಗಲ್ಲ, ಲ್ಯಾಬಿನಲ್ಲಿ ಕೂತು ಉಜ್ಜುವವರಿಗೆ. ಹಲ್ಲಿನ ಮಿಶ್ರಲೋಹಗಳ ಅಂತಾರಾಷ್ಟ್ರೀಯ ಮಾನದಂಡ ಈಗ ಬೆರಿಲಿಯಮ್ಮನ್ನ ಶೇಕಡಾ 0.02ಕ್ಕೆ ಮಿತಿಗೊಳಿಸಿದೆ. ಹಿಡಿತ ಗಟ್ಟಿಯಾಯ್ತಾ ಅಂತ ಕೇಳುವಾಗ ಯಾರ ಉಸಿರಿನ ಲೆಕ್ಕದಲ್ಲಿ ಅಂತಲೂ ಕೇಳಬೇಕು ಅನ್ನೋದನ್ನ ನಾವು ಇಲ್ಲಿ ಕಲಿತ್ವಿ.

ಇಷ್ಟು ಓದಿಕೊಂಡು ನಾವು ಒಂದು ಸಣ್ಣ ಲ್ಯಾಬಿಗೆ ಹೋದ್ವಿ. ಅಮ್ಮನ ಕ್ಯಾಪ್ ಮಾಡಿದ ಲ್ಯಾಬಲ್ಲ, ಬೇರೆ. ಅಂಗಡಿ ಮಳಿಗೆಯ ಮೇಲಿನ ಎರಡು ರೂಮು. ಅಲ್ಲಿನ ಟೆಕ್ನೀಷಿಯನ್ ಅಣ್ಣ ಮೊದಲು ಅನುಮಾನದಿಂದ ನೋಡಿದ್ರು, ಚೂರು ತೋರಿಸಿದ ಮೇಲೆ ಹತ್ತಿರ ಕೂರಿಸಿಕೊಂಡ್ರು. ಚೂರಿನ ಒಳಬದಿಯನ್ನ ಬೆಳಕಿಗೆ ಹಿಡಿದು, “ಅಮ್ಮನ ಬಾಯಲ್ಲಿ ಲೋಹ ಕನ್ನಡಿ ಥರ ಕಾಣ್ತಿದೆಯಾ, ಇಲ್ಲಾ ಬಿಳಿ ಮಸುಕು ಉಳ್ಕೊಂಡಿದೆಯಾ?” ಅಂತ ಕೇಳಿದ್ರು. ನಮ್ಮ ಹತ್ತಿರ ಫೋಟೋ ಇತ್ತು. ಲೋಹ ಬೋಳಾಗಿ ಹೊಳೀತಿತ್ತು. “ಹಂಗಾದ್ರೆ ಪಿಂಗಾಣಿ ಒಡೆದಿದ್ದಲ್ಲಪ್ಪ, ಬಿಟ್ಕೊಂಡಿದ್ದು” ಅಂದ್ರು.

ಇದು ಸಣ್ಣ ಮಾತಲ್ಲ. ಪುಸ್ತಕಗಳಲ್ಲೂ ಇದನ್ನೇ ಹೇಳಿದ್ದಾರೆ. ಮುರಿದ ಜಾಗ ಎಲ್ಲಿದೆ ಅನ್ನೋದರ ಮೇಲೆ ಈ ಒಡೆತಗಳನ್ನ ಆರು ಬಗೆ ಮಾಡ್ತಾರೆ. ಪಿಂಗಾಣಿಯ ಒಳಗೇ ಮುರಿದು ಲೋಹದ ಮೇಲೆ ಬಿಳಿ ಪದರ ಉಳಿದಿದ್ದರೆ ಹಿಡಿತ ಚೆನ್ನಾಗಿತ್ತು, ಭಾರ ಹೆಚ್ಚಾಯ್ತು ಅಂತ ಅರ್ಥ. ಲೋಹ ಬೋಳಾಗಿದ್ದರೆ ಹಿಡಿತವೇ ಸರಿ ಇರಲಿಲ್ಲ. ಮೊದಲನೆಯದಾಗಿದ್ದರೆ ಚಕ್ಕುಲಿಯನ್ನ ಸ್ವಲ್ಪ ಬೈಯಬಹುದಿತ್ತು. ಅಮ್ಮನದ್ದು ಎರಡನೆಯದು.

ಅಣ್ಣ ಇನ್ನೂ ಕೆಲವು ವಿಷಯ ತೋರಿಸಿದ್ರು. ಸ್ಯಾಂಡ್‌ಬ್ಲಾಸ್ಟ್ ಆದ ಮೇಲೆ ಲೋಹವನ್ನ ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಸಾಕು ಹಿಡಿತ ಕೆಡೋದಕ್ಕೆ. ಓಪೇಕನ್ನ ಮೊದಲು ತೀರಾ ತೆಳ್ಳಗೆ ಬಳಿದು ಸುಡಬೇಕು, ಅದು ಲೋಹವನ್ನ ಒದ್ದೆ ಮಾಡಿ ಗುಂಡಿಗಳಿಗೆ ಇಳಿಯಬೇಕು. ಪಿಂಗಾಣಿಗೆ ಎಲ್ಲ ಕಡೆ ಲೋಹದ ಆಸರೆ ಇರಬೇಕು, ಆಸರೆ ಇಲ್ಲದೆ 2 ಮಿಲಿಮೀಟರಿಗಿಂತ ದಪ್ಪ ಆದ್ರೆ ಒಡೆಯೋದೇ. ತಣಿಸುವ ವೇಗ ಪ್ಯಾಕೆಟ್ಟಿನಲ್ಲಿ ಬರೆದ ಹಾಗೇ ಇರಬೇಕು. ಯಾಕೆ ಅಂತ ಅವರು ಹೇಳಲಿಲ್ಲ, ನಾವು ಆಮೇಲೆ ಓದಿ ತಿಳ್ಕೊಂಡ್ವಿ: ನಿಧಾನ ತಣಿಸಿದಷ್ಟೂ ಲ್ಯೂಸೈಟ್ ಹರಳು ಹೆಚ್ಚಾಗಬಹುದು, ಪಿಂಗಾಣಿಯ ಹಿಗ್ಗುವಿಕೆಯೇ ಬದಲಾಗುತ್ತೆ. ಪದೇ ಪದೇ ಸುಟ್ಟರೂ ಹಾಗೇ. ಅಂದ್ರೆ ಹತ್ತು ಲಕ್ಷದಲ್ಲಿ ಒಂದೆರಡು ಭಾಗದ ಆ ಲೆಕ್ಕ ಕಂಪನಿಯಲ್ಲೇ ಮುಗಿಯಲ್ಲ. ಅರ್ಧ ಈ ಎರಡು ರೂಮಿನಲ್ಲಿ, ಈ ಅಣ್ಣನ ಕೈಯಲ್ಲಿ ನಿರ್ಧಾರ ಆಗುತ್ತೆ.

“ಇದೆಲ್ಲ ಗೊತ್ತಿದ್ದೂ ಯಾಕೆ ತಪ್ಪಾಗುತ್ತೆ ಅಣ್ಣಾ?” ಅಂತ ಕೇಳಿದ್ವಿ. ಅವರು ನಕ್ಕು, “ಸೋಮವಾರ ಅಳತೆ ಕಳಿಸಿ ಬುಧವಾರ ಕ್ಯಾಪ್ ಬೇಕು ಅಂತಾರೆ. ಕೆಲವು ಸಲ ಲೋಹ ಬಿಡಿಬಿಡಿಯಾಗಿ ಬರುತ್ತೆ, ಯಾವ ಡಬ್ಬಿಯದ್ದು ಅಂತ ಕೇಳಿದ್ರೆ ತಂದವರಿಗೂ ಗೊತ್ತಿರಲ್ಲ. ನಾನು ಯಾವ ಪುಡಿ ಹೊಂದಿಸ್ಲಿ?” ಅಂದ್ರು.

ಈಗ ನಮ್ಮ ಅಭಿಪ್ರಾಯ. ಪಿಂಗಾಣಿ ಮತ್ತು ಲೋಹದ ಹಿಡಿತ ಸುಧಾರಿಸೋದಕ್ಕೆ ನಮ್ಮಂಥ ಊರುಗಳಲ್ಲಿ ಇವತ್ತು ಬೇಕಾಗಿರೋದು ಹೊಸ ನ್ಯಾನೋ ಕೋಟಿಂಗ್ ಅಲ್ಲ. ಗೊತ್ತಿರುವ ವಿಜ್ಞಾನ ಕಂಪನಿ, ಲ್ಯಾಬು, ಕ್ಲಿನಿಕ್ಕು, ಪೇಷೆಂಟು ಈ ನಾಲ್ವರ ನಡುವೆ ದಾರಿಯಲ್ಲಿ ಕಳೆದುಹೋಗದ ಹಾಗೆ ನೋಡಿಕೊಳ್ಳೋದು. ಅದಕ್ಕೆ ನಾವು ಮೂರು ಮಾತು ಹೇಳ್ತೀವಿ.

ಒಂದು, ಪ್ರತಿ ಕ್ಯಾಪಿನ ಜೊತೆ ಒಂದು ಸಣ್ಣ ಕಾರ್ಡ್ ಬರಲಿ. ಯಾವ ಮಿಶ್ರಲೋಹ, ಯಾವ ಪಿಂಗಾಣಿ, ಬ್ಯಾಚ್ ನಂಬರ್, ಮಾಡಿದ ತಾರೀಕು. ಮಿಕ್ಸರ್ ಗ್ರೈಂಡರಿಗೆ ವಾರಂಟಿ ಕಾರ್ಡ್ ಇರುತ್ತೆ, ಬಾಯೊಳಗೆ ಹತ್ತು ವರ್ಷ ಇರಬೇಕಾದ ವಸ್ತುವಿಗೆ ಹೆಸರೇ ಇಲ್ಲ ಅಂದ್ರೆ ಹೇಗೆ? ಇದರಿಂದ ಇನ್ನೊಂದು ಲಾಭ. ನಿಕಲ್ ಅಲರ್ಜಿ ಇರುವವರಿಗೆ ತಮ್ಮ ಬಾಯಲ್ಲಿ ನಿಕಲ್ ಇದೆಯಾ ಅಂತ ಗೊತ್ತಾಗುತ್ತೆ. ಬಿಡಿಬಿಡಿ ಲೋಹದ ವ್ಯವಹಾರವೂ ತಾನಾಗಿ ಕಮ್ಮಿ ಆಗುತ್ತೆ, ಹೆಸರು ಬರೀಬೇಕಲ್ಲ.

ಎರಡು, ಲೋಹ-ಪಿಂಗಾಣಿಯ ಜೋಡಿಯನ್ನ ಪರೀಕ್ಷೆ ಮಾಡದೆ ಬಳಸಬಾರದು. ಇದಕ್ಕೆ ಐಎಸ್‌ಒ 9693 ಅನ್ನೋ ಮಾನದಂಡ ಇದೆ. 25 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಲೋಹದ ಪಟ್ಟಿ. ಅದರ ನಡುವೆ 8 ಮಿಲಿಮೀಟರ್ ಉದ್ದಕ್ಕೆ ಪಿಂಗಾಣಿ. 20 ಮಿಲಿಮೀಟರ್ ಅಂತರದ ಎರಡು ಆಸರೆಗಳ ಮೇಲೆ ಪಿಂಗಾಣಿ ಕೆಳಗೆ ಬರುವಂತೆ ಇಟ್ಟು, ಮೇಲಿಂದ ನಡುವಿಗೆ ನಿಧಾನವಾಗಿ ಒತ್ತೋದು. ಪಿಂಗಾಣಿ ತುದಿಯಿಂದ ಬಿಟ್ಟುಕೊಳ್ಳುವ ಕ್ಷಣದ ಬಲದಿಂದ ಹಿಡಿತ ಲೆಕ್ಕ ಹಾಕ್ತಾರೆ. 25 ಮೆಗಾಪಾಸ್ಕಲ್ ದಾಟಬೇಕು. ನಮ್ಮ ಲ್ಯಾಬ್ ಮ್ಯಾನುಯಲ್ಲಿನಲ್ಲಿರುವ ತ್ರೀ ಪಾಯಿಂಟ್ ಬೆಂಡ್ ಟೆಸ್ಟೇ ಇದು!

ಮೂರನೆಯದು ನಮಗೇ ಹೇಳಿಕೊಂಡದ್ದು. ಈ ಪರೀಕ್ಷೆಯನ್ನ ನಾವೇ ಯಾಕೆ ಮಾಡಿಕೊಡಬಾರದು? ಬೆಂಗಳೂರು, ಮಣಿಪಾಲ, ದಾವಣಗೆರೆ, ಮಂಗಳೂರು, ಧಾರವಾಡ, ಈ ಎಲ್ಲ ಊರುಗಳಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ, ಡೆಂಟಲ್ ಕಾಲೇಜೂ ಇದೆ. ಎರಡರ ಹುಡುಗರೂ ಒಂದೇ ದರ್ಶಿನಿಯಲ್ಲಿ ಕಾಫಿ ಕುಡೀತಾರೆ, ಮಾತಾಡೋದು ಮಾತ್ರ ಕ್ರಿಕೆಟ್ಟು. ನಮ್ಮ ಕಾಲೇಜಿನ ದೊಡ್ಡ ಟೆಸ್ಟಿಂಗ್ ಮಷೀನು ಕಂಬಿ ಎಳೆಯೋಕೆ ಅಂತ ಇರೋದು, ಟನ್‌ಗಳ ಲೆಕ್ಕದ್ದು. ಈ ತೆಳ್ಳನೆ ಪಟ್ಟಿಗೆ ಬೇಕಾಗೋದು ಹೆಚ್ಚೆಂದರೆ ಒಂದೆರಡು ಕಿಲೋ ಸಕ್ಕರೆ ತೂಕದಷ್ಟು ಬಲ. ಆ ಮಷೀನಿಗೆ ಇದು ಸೊಳ್ಳೆ ಕಚ್ಚಿದ ಹಾಗೂ ಆಗಲ್ಲ. ಆದ್ರೆ ಒಂದು ಸಣ್ಣ ಲೋಡ್ ಸೆಲ್, ಒಂದು ಸ್ಟೆಪ್ಪರ್ ಮೋಟರ್, ಒಂದು ಆರ್ಡುಯಿನೋ, ವರ್ಕ್‌ಶಾಪಿನಲ್ಲಿ ಮಾಡಿದ ಒಂದು ಫ್ರೇಮು ಇದ್ದರೆ ಕಲಿಯೋ ಮಟ್ಟದ ಯಂತ್ರ ತಯಾರು. ಅದರಿಂದ ಸರ್ಟಿಫಿಕೇಟ್ ಕೊಡೋಕಾಗಲ್ಲ, ನಿಜ. ಆದ್ರೆ ಅಣ್ಣನಂಥವರು ಹೊಸ ಡಬ್ಬಿ ತೆರೆದಾಗ ನಾಲ್ಕೈದು ಪಟ್ಟಿ ಮಾಡಿ ಕಳಿಸಿದರೆ, “ಈ ಜೋಡಿ ಹೊಂದ್ತಿಲ್ಲ, ಬಾಯಿಗೆ ಹಾಕೋ ಮೊದಲು ವಿಚಾರಿಸಿ” ಅಂತ ಹೇಳುವಷ್ಟು ಖಂಡಿತ ಗೊತ್ತಾಗುತ್ತೆ. ಲೈನ್ ಫಾಲೋವರ್ ರೋಬೋ ಎಷ್ಟು ವರ್ಷ ಮಾಡೋದು ನಾವು?

ಇದಕ್ಕೆ ಬರುವ ಆಕ್ಷೇಪಣೆಗಳೂ ನಮಗೆ ಗೊತ್ತು. ನಮ್ಮೊಳಗೇ ಒಬ್ಬ ಹೇಳಿದ: “ಈಗ ಝಿರ್ಕೋನಿಯಾ ಬಂದಿದೆ, ಲೋಹವೇ ಬೇಡ, ಸಾಯೋ ಟೆಕ್ನಾಲಜಿಗೆ ಯಾಕೆ ಇಷ್ಟು ತಲೆಕೆಡಿಸ್ಕೊಳ್ಳೋದು?” ಅರ್ಧ ಸರಿ. ಪೂರ್ತಿ ಒಂದೇ ತುಂಡಿನ ಝಿರ್ಕೋನಿಯಾ ಕ್ಯಾಪಿನಲ್ಲಿ ಬಿಟ್ಟುಕೊಳ್ಳೋಕೆ ಪದರವೇ ಇಲ್ಲ. ಆದ್ರೆ ಮುಂದಿನ ಹಲ್ಲಿನ ಅಂದಕ್ಕೆ ಝಿರ್ಕೋನಿಯಾದ ಮೇಲೂ ಪಿಂಗಾಣಿ ಬಳೀತಾರೆ. ಅಲ್ಲೂ ಚಕ್ಕೆ ಏಳೋದು ದೊಡ್ಡ ತಲೆನೋವೇ ಆಯ್ತು, ಅಲ್ಲೂ ಹಿಗ್ಗುವ ಕುಗ್ಗುವ ಲೆಕ್ಕ, ತಣಿಸುವ ವೇಗದ ಲೆಕ್ಕ ಇದೆ. ಝಿರ್ಕೋನಿಯಾ ಹಿಗ್ಗೋದು ಹತ್ತು ಲಕ್ಷಕ್ಕೆ ಸುಮಾರು 10 ಭಾಗ, ಹಾಗಾಗಿ ಲೋಹದ ಪಿಂಗಾಣಿ ಅದಕ್ಕೆ ಆಗಲ್ಲ, ಬೇರೆಯದೇ ಬೇಕು. ಅಲ್ಲದೆ ಝಿರ್ಕೋನಿಯಾದ ದುಡ್ಡು ಎಲ್ಲರ ಹತ್ತಿರ ಇಲ್ಲ. ಅಗ್ಗದ ಕ್ಯಾಪ್ ಹಾಕಿಸಿಕೊಳ್ಳುವವರಿಗೂ ಅಗ್ಗದ ಗುಣಮಟ್ಟ ಸಾಕು ಅಂತ ಯಾರು ಹೇಳಿದ್ದು?

ಇನ್ನೊಂದು ಆಕ್ಷೇಪಣೆ, ಪಟ್ಟಿಯ ಪರೀಕ್ಷೆ ಬಾಯಿಯ ಪರೀಕ್ಷೆ ಅಲ್ಲ. ಇದು ನಿಜ. ಬಾಯಲ್ಲಿ ಲಾಲಾರಸ ಇದೆ, ಬಿಸಿ ಕಾಫಿ, ತಣ್ಣನೆ ಐಸ್‌ಕ್ರೀಮ್ ಇದೆ, ವರ್ಷಕ್ಕೆ ಲಕ್ಷಗಟ್ಟಲೆ ಸಲ ಅಗಿಯೋದಿದೆ, ರಾತ್ರಿ ಹಲ್ಲು ಕಡಿಯುವವರಿದ್ದಾರೆ. ಪಟ್ಟಿ ಪಾಸಾಯ್ತು ಅಂದ್ರೆ ಕ್ಯಾಪ್ ಪಾಸಾಯ್ತು ಅಂತಲ್ಲ. ಆದ್ರೆ ಪಟ್ಟಿಯಲ್ಲೇ ಫೇಲಾದ ಜೋಡಿಯನ್ನ ಬಾಯಿಗೆ ಕಳಿಸಬಾರದು ಅನ್ನೋಕೆ ಇಷ್ಟು ಸಾಕಲ್ವಾ?

ಕೊನೆಗೆ ಅಮ್ಮನ ವಿಷಯ. ಅವರು ಬೇರೆ ಕಡೆ ಹೊಸ ಕ್ಯಾಪ್ ಹಾಕಿಸಿಕೊಂಡ್ರು. ಈ ಸಲ ಮಗಳು ಹೇಳಿಕೊಟ್ಟ ಹಾಗೆ “ಡಾಕ್ಟ್ರೇ, ಇದು ಯಾವ ಲೋಹ, ಯಾವ ಪಿಂಗಾಣಿ, ಎರಡೂ ಹೊಂದುತ್ತಾ?” ಅಂತ ಕೇಳಿದ್ರಂತೆ. ಡಾಕ್ಟರು ಒಂದು ಕ್ಷಣ ಆಶ್ಚರ್ಯದಿಂದ ನೋಡಿ, ಲ್ಯಾಬಿಗೆ ಫೋನ್ ಮಾಡಿ ಕೇಳಿ, ಚೀಟಿಯ ಹಿಂದೆ ಎರಡೂ ಹೆಸರು ಬರೆದುಕೊಟ್ರು. ಕೇಳಿದ್ರೆ ಕೊಡ್ತಾರೆ ಅಂತಾಯ್ತು. ಆ ಚೀಟಿ ಈಗ ದೇವರ ಮನೆಯ ಡ್ರಾಯರಿನಲ್ಲಿ ರೇಷನ್ ಕಾರ್ಡಿನ ಜೊತೆ ಇದೆ. ಅಮ್ಮ ನಗ್ತಾರೆ, ಆದ್ರೆ ಚಕ್ಕುಲಿಯನ್ನ ಇನ್ನೂ ಕಾಫಿಗೆ ಅದ್ದಿ ಇನ್ನೊಂದು ಬದಿಯಲ್ಲೇ ತಿಂತಾರೆ. ನಂಬಿಕೆ ಒಮ್ಮೆ ಬಿಟ್ಟುಕೊಂಡರೆ ಮತ್ತೆ ಹಿಡಿಯೋಕೆ ಟೈಮ್ ಬೇಕು.

ಮುಂದಿನ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಆ ಪುಟ್ಟ ಬೆಂಡಿಂಗ್ ಯಂತ್ರ ಮಾಡಬೇಕು ಅಂತ ನಾವು ನಾಲ್ವರೂ ತೀರ್ಮಾನಿಸಿದ್ದೀವಿ. ಟೆಕ್ನೀಷಿಯನ್ ಅಣ್ಣ ಪಟ್ಟಿ ಮಾಡಿಕೊಡೋಕೆ ಒಪ್ಪಿದ್ದಾರೆ. ಪ್ರೋಗ್ರಾಮಿಂಗ್ ಚೆನ್ನಾಗಿ ಬರುವ ಒಬ್ಬರು ಬೇಕಾಗಿದ್ದಾರೆ. ಆಸಕ್ತಿ ಇದ್ದವರು ಸಂಜೆ ಐದರ ನಂತರ ವರ್ಕ್‌ಶಾಪಿನ ಹಿಂದಿನ ಕಟ್ಟೆ ಹತ್ತಿರ ಬನ್ನಿ. ಚಕ್ಕುಲಿ ನಮ್ಮ ಕಡೆಯಿಂದ.